ಮೈಕು ಯಾರ ಮುಂದಿದೆ?

ಪದ್ಯ ಬರೆಯುವವನು ತರಗತಿಯ ವೈರು, ಕ್ಯಾಮೆರಾಗಳ ವಿಮರ್ಶೆಗೆ ಯಾಕೆ ಕೂತ ಎಂದು ಗೆಳೆಯರು ಕೇಳಿದ್ದಾರೆ. ಒಂದು ಕೃತಿಯೊಳಗೆ ಯಾರು ಮಾತಾಡುತ್ತಾರೆ, ಯಾರು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ ಎಂದು ನಾವು ಕೇಳುತ್ತ ಬಂದಿದ್ದೇವಲ್ಲ, ಅದೇ ಪ್ರಶ್ನೆಯನ್ನು ಈಗ ಒಂದು ಕೋಣೆಗೂ ಕೇಳಬೇಕಾಗಿದೆ. ಕೆಲವರು ಬೆಂಚಿನ ಮೇಲೆ, ಕೆಲವರು ದೂರದ ಊರಲ್ಲಿ ಫೋನು ಹಿಡಿದು, ಎಲ್ಲರಿಗೂ ಒಬ್ಬನೇ ಮಾಸ್ತರ ಒಂದೇ ಹೊತ್ತಿಗೆ ಪಾಠ ಹೇಳುವ ಕೋಣೆ ಅದು. ಅದಕ್ಕೆ ಹೈಬ್ರಿಡ್ ತರಗತಿ ಅನ್ನುತ್ತಾರೆ. ನಮ್ಮ ಕಡೆ ಹೈಬ್ರಿಡ್ ಅಂದರೆ ಜೋಳ. ಬಿತ್ತಿದವನ ಮನೆಯಲ್ಲಿ ಮರುವರ್ಷಕ್ಕೆ ಬೀಜ ಉಳಿಯದ ಜೋಳ.

2020ರ ನವೆಂಬರ್ 17ಕ್ಕೆ ಕರ್ನಾಟಕದ ಪದವಿ ಕಾಲೇಜುಗಳು ಮತ್ತೆ ಬಾಗಿಲು ತೆರೆದವು. ಬರುವವರು ಬರಬಹುದು, ಬಾರದವರು ಮನೆಯಿಂದಲೇ ಕೇಳಬಹುದು ಎಂದು ಸರ್ಕಾರ ಹೇಳಿತು. ಬರುವವರು ಕೋವಿಡ್ ಪರೀಕ್ಷೆಯ ವರದಿಯನ್ನೂ ತಂದೆ ತಾಯಿಯ ಒಪ್ಪಿಗೆ ಪತ್ರವನ್ನೂ ತರಬೇಕಿತ್ತು. ನಾನಾಗ ಬಿ.ಎ. ಕೊನೆಯ ವರ್ಷದವನು. ಅಪ್ಪ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ. ಆದರೆ ನಾನಿದ್ದ ಹಾಸ್ಟೆಲ್ಲಿಗೆ ಇನ್ನೂ ಬೀಗ. ಹೆಬ್ಬೆಟ್ಟಿನ ಕಾಗದ ಜೇಬಲ್ಲಿ ಉಳಿಯಿತು, ನಾನು ಕುರಕುಂಟಾದಲ್ಲಿ ಉಳಿದೆ.

ನಮ್ಮ ಮನೆಯೊಳಗೆ ನೆಟ್‌ವರ್ಕ್ ಬರುವುದಿಲ್ಲ. ಊರಾಚೆ ಕಲ್ಲಿನ ಖಣಿಯವರು ಸುರಿದ ದಿಬ್ಬ ಹತ್ತಿದರೆ ಎರಡು ಕಡ್ಡಿ ಕಾಣುತ್ತವೆ. ಅಣ್ಣನ ಫೋನು ಹಿಡಿದು ಅಲ್ಲಿ ಕೂತೆ. ಅಂದಿನ ಪಾಠ ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಒಂದು ಭಾಗ. ಸರ್ ತಮ್ಮ ಫೋನನ್ನು ನೀರಿನ ಬಾಟಲಿಗೆ ಆನಿಸಿ ಇಟ್ಟಿದ್ದರು. ನನಗೆ ಕಂಡದ್ದು ಅರ್ಧ ಬೋರ್ಡು, ಒಂದು ಫ್ಯಾನು, ಆಗಾಗ ಅವರ ಭುಜ. ಅವರು ಪ್ರಶ್ನೆ ಕೇಳುತ್ತಿದ್ದರು, ಆಮೇಲೆ ಒಂದು ಮೌನ, ಆಮೇಲೆ ‘ಹಾಂ, ಕರೆಕ್ಟ್’. ಬೆಂಚಿನವರು ಏನು ಹೇಳಿದರೆಂಬುದು ನಮಗೆ ಬರುತ್ತಲೇ ಇರಲಿಲ್ಲ. ನಡುವೆ ಒಮ್ಮೆ ಅವರು ಕೇಳಿದರು: ‘ಕೇರಿ ಯಾಕ ಊರಿನ ಹೊರಗ ಇರ್ತದ? ಆ ಕಡೆಯಿಂದ ಬಂದವರು ಯಾರರೆ ಹೇಳ್ರಿ.’

ನಾನು ಹೇಳಿದೆ. ಮೂರು ಸಲ ಹೇಳಿದೆ. ದಿಬ್ಬದ ಕೆಳಗೆ ಕಟ್ಟಿಗೆ ಆರಿಸುತ್ತಿದ್ದ ಅವ್ವ ತಲೆಯೆತ್ತಿ ನೋಡಿದಳು. ‘ಯಾರಿಗಿ ಒದರ್ಲಾಕತ್ತಿಯೋ ತಮ್ಮಾ, ಅಲ್ಲಿ ಯಾರೂ ಇಲ್ಲಲ್ಲೋ!’

ಸಂಜೆ ಗೆಳೆಯನೊಬ್ಬ ಫೋನು ಮಾಡಿದ. ‘ನಿನ್ನ ಹೆಸರ ಕೂಗಿದ್ರಪಾ, ನೀ ಬಾಯೇ ಬಿಡ್ಲಿಲ್ಲ. ಗೈರು ಹಾಕ್ಯಾರ.’ ಆದದ್ದು ಇಷ್ಟು. ಕೋಣೆಯೊಳಗೆ ಕೂತ ಮೂವರು ತಮ್ಮ ತಮ್ಮ ಫೋನಿನಲ್ಲೂ ಅದೇ ತರಗತಿಗೆ ಸೇರಿಕೊಂಡಿದ್ದರು. ಒಂದು ಫೋನಿನ ಸ್ಪೀಕರಿನ ದನಿ ಇನ್ನೊಂದರ ಮೈಕಿಗೆ ಹೊಕ್ಕು, ಅದು ಮತ್ತೆ ಹೊರಬಂದು, ಕೀಂಯ್ ಎಂದು ಚೀರತೊಡಗಿತು. ಸರ್ ಕಿರಿಕಿರಿಯಾಗಿ ತಮ್ಮ ಫೋನಿನ ದನಿಯನ್ನೇ ಪೂರ್ತಿ ಇಳಿಸಿದರು. ಅವರ ಮಾತು ದಿಬ್ಬಕ್ಕೆ ಬರುತ್ತಿತ್ತು, ದಿಬ್ಬದ ಮಾತು ಕೋಣೆಗೆ ಹೋಗುತ್ತಿರಲಿಲ್ಲ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರು ಅತಿಥಿ ಉಪನ್ಯಾಸಕರು, ಫೋನೂ ಅವರದು, ಡೇಟಾದ ದುಡ್ಡೂ ಅವರದು. ಹೀಗೆ ಹೊಂದಿಸಬೇಕು ಎಂದು ಅವರಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಗೆಳೆಯರೆ, ಬಾಯಿಲ್ಲದ ಈ ಪಾಠ ನಮ್ಮ ಸೀಮೆಗೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಎಟಿಎಸ್-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಪಾಠ ಬಂತು. ‘ಸೈಟ್’ ಎಂದು ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ತಂತಿಬಲೆ ಹೊದಿಸಿದ ಹತ್ತು ಅಡಿಯ ಕೊಡೆಯಂಥ ಆಂಟೆನಾ ನಿಲ್ಲಿಸಿ ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ತೋರಿಸಿದರು. ದೊಡ್ಡ ಕೆಲಸವೇ, ಇಂಜಿನಿಯರುಗಳ ಶ್ರಮವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆ ಪೆಟ್ಟಿಗೆಗೆ ಹಳ್ಳಿಯ ಮಗು ‘ತಿಳೀಲಿಲ್ರಿ’ ಅನ್ನುವ ದಾರಿ ಇರಲಿಲ್ಲ. ತುರ್ತು ಪರಿಸ್ಥಿತಿಯ ದಿನಗಳು ಬೇರೆ, ಮೇಲಿನವರು ಮಾತಾಡಿ ಕೆಳಗಿನವರು ಕೇಳುವುದು ಆಗ ದೇಶದ ರೀತಿಯೇ ಆಗಿತ್ತು. ವರ್ಷ ತುಂಬಿತು, ಉಪಗ್ರಹ ವಾಪಸ್ ಹೋಯಿತು. ಸಿಮೆಂಟ್ ಕಾರ್ಪೊರೇಷನ್ನಿನ ಕಾರ್ಖಾನೆ ಬಂದದ್ದನ್ನೂ ಅದು ನಿಂತದ್ದನ್ನೂ ಕಂಡ ನಮ್ಮೂರವರಿಗೆ ಇಂಥ ವಾಪಸಾತಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

2004ರ ಸೆಪ್ಟೆಂಬರ್ 20ಕ್ಕೆ ನಮ್ಮದೇ ಎಜುಸ್ಯಾಟ್ ಹಾರಿತು, ಬರೀ ಶಿಕ್ಷಣಕ್ಕಾಗಿಯೇ. ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳಿಗೆ ಅದರ ಪಾಠ ಮುಟ್ಟಿಸುವ ಯೋಜನೆಯಾಯಿತು. ಅಲ್ಲಿಯೂ ಶಾಲೆಗೆ ಬಂದದ್ದು ಕೇಳುವ, ನೋಡುವ ಸೆಟ್ಟು. ಆಗ ಮಾತು ಮರಳಿ ಕಳಿಸುವ ಯಂತ್ರ ಭಾರಿ ದುಬಾರಿ, ಆ ಕಾರಣವನ್ನು ಒಪ್ಪೋಣ. ಈಗ ಆ ಕಾರಣವೂ ಉಳಿದಿಲ್ಲ. ಕೂಲಿಕಾರನ ಜೇಬಿನ ಫೋನಿಗೂ ಕಿವಿ ಬಾಯಿ ಎರಡೂ ಇವೆ. ಇಷ್ಟಾದರೂ ನಾವು ಕೋಣೆ ಸಜ್ಜು ಮಾಡುವುದು 1975ರ ಮನಸ್ಸಿನಿಂದಲೇ. ಮೊದಲು ಪರದೆ, ಆಮೇಲೆ ಕ್ಯಾಮೆರಾ, ಉದ್ಘಾಟನೆಯ ಫೋಟೊ. ಮೈಕಿಗೆ ಬರುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ.

ಅಂಬೇಡ್ಕರರು ಶಾಲೆಯ ದಿನಗಳ ಬಗ್ಗೆ ತಾವೇ ಬರೆದಿದ್ದಾರೆ. ಕೋಣೆಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಒಬ್ಬರೇ ಕೂರಬೇಕು, ಆ ತಾಟನ್ನು ದಿನಾ ಮನೆಯಿಂದ ಹೊತ್ತು ತಂದು ಹೊತ್ತು ಒಯ್ಯಬೇಕು. ನಲ್ಲಿ ಮುಟ್ಟುವಂತಿಲ್ಲ, ಜವಾನ ಬಂದು ತಿರುಗಿಸಿದರೆ ನೀರು, ಜವಾನ ಇಲ್ಲದಿದ್ದರೆ ಇಲ್ಲ. ಗೋಡೆಯೊಳಗೆ ಇದ್ದೂ ದೂರದ ವಿದ್ಯಾರ್ಥಿ. ಮಾಸ್ತರ ಬಟನ್ ಒತ್ತಿದರೆ ಮಾತ್ರ ದನಿ ಬಿಚ್ಚುವ ತರಗತಿಯಲ್ಲಿ ಕೂತಾಗ ನನಗೆ ಆ ನಲ್ಲಿ ನೆನಪಾಯಿತು. ಹೋಲಿಕೆ ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ಎರಡೂ ಒಂದೇ ನೋವು ಎಂದು ನಾನೂ ಹೇಳುತ್ತಿಲ್ಲ. ಆದರೆ ನಲ್ಲಿಯ ಕಿವಿ ಯಾರ ಕೈಯಲ್ಲಿದೆ ಎಂದು ಕೇಳುವ ಅಭ್ಯಾಸವನ್ನು ನಮಗೆ ಕಲಿಸಿದ್ದು ಅದೇ ಶಾಲೆ.

ಅದೇ 2020ರಲ್ಲಿ ಸರ್ಕಾರ ವಿದ್ಯಾಗಮ ತಂದಾಗ ಮಾಸ್ತರುಗಳು ಮಕ್ಕಳನ್ನು ಪಟ್ಟಿ ಮಾಡಿದರು: ಏನೂ ಇಲ್ಲದವರು, ಸಾದಾ ಫೋನಿನವರು, ಇಂಟರ್ನೆಟ್ ಇದ್ದವರು. ದೇಶದ ಹಳ್ಳಿ ಮನೆಗಳಲ್ಲಿ ಇಂಟರ್ನೆಟ್ ಇದ್ದವು ನೂರಕ್ಕೆ 14.9 ಮಾತ್ರ ಎಂದು 2017-18ರ ರಾಷ್ಟ್ರೀಯ ಸಮೀಕ್ಷೆ ಮೊದಲೇ ಹೇಳಿತ್ತು. ಇಲ್ಲದವರನ್ನು ಇಲ್ಲದವರೆಂದು ಒಪ್ಪಿಕೊಂಡು ಮಾಸ್ತರರೇ ಮಕ್ಕಳಿದ್ದಲ್ಲಿಗೆ ನಡೆದು ಹೋದರಲ್ಲ, ಆ ಮಟ್ಟಿಗೆ ಅದು ಪ್ರಾಮಾಣಿಕ ಯೋಜನೆ. ಪಾಠ ಗುಡಿಯ ಅಂಗಳದಲ್ಲಿ ನಡೆದರೆ ಕೇರಿಯ ಮಗು ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಗುಳೆ ಹೋದವರ ಮಕ್ಕಳಿಗೆ ಆ ಮೂರರಲ್ಲಿ ಯಾವ ಪಟ್ಟಿಯೂ ಇರಲಿಲ್ಲ. ಹೈದರಾಬಾದಿನ ಕಟ್ಟಡದ ಕೆಳಗೆ ಇಟ್ಟಿಗೆಯ ಮೇಲೆ ಕೂತ ಹುಡುಗಿಗೆ ಊರಿನ ತರಗತಿ ನಿಜವಾಗಿ ಮುಟ್ಟುವುದಾದರೆ, ಈ ಹೈಬ್ರಿಡ್ಡಿಗೆ ನನ್ನ ತಕರಾರಿಲ್ಲ. ಅವಳಿಗಾಗಿಯೇ ಇದನ್ನು ಸರಿಯಾಗಿ ಕಟ್ಟಬೇಕು.

ಕಟ್ಟುವುದು ಕಷ್ಟವಿಲ್ಲ. ಕೋಣೆಯಲ್ಲಿ ದನಿ ಕೊಡುವುದೂ ತೆಗೆದುಕೊಳ್ಳುವುದೂ ಒಂದೇ ಯಂತ್ರವಾಗಿರಬೇಕು, ಉಳಿದ ಫೋನುಗಳ ಬಾಯಿ ಕಿವಿ ಎರಡೂ ಬಂದ್. ಅಷ್ಟಕ್ಕೇ ಆ ಚೀರಾಟ ಬಹುಪಾಲು ನಿಲ್ಲುತ್ತದೆ. ಮೈಕು ಮೇಜಿನ ಮೇಲಿಂದ ಇಳಿದು ಬೆಂಚುಗಳ ನಡುವೆ ಬರಲಿ. ಅದು ಆಗದಿದ್ದರೆ ಬೆಂಚಿನವರು ಹೇಳಿದ್ದನ್ನು ಮಾಸ್ತರರು ಒಮ್ಮೆ ತಮ್ಮ ಬಾಯಿಂದ ಹೇಳಿ ಮುಂದೆ ಹೋಗಲಿ. ಬೋರ್ಡಿನ ಫೋಟೊ ತೆಗೆದು ಕಳಿಸಿದರೆ ವಿಡಿಯೊ ಬೇಕೇ ಬೇಕು ಅಂತಿಲ್ಲ. ಒಂದು ತಾಸಿನ ವಿಡಿಯೊಕ್ಕೆ ಅರ್ಧ ಜಿಬಿಯಿಂದ ಒಂದು ಜಿಬಿಯವರೆಗೆ ಹೋಗುತ್ತದೆ, ಬರೀ ದನಿಗೆ ಅದರ ಹತ್ತರಲ್ಲೊಂದು ಪಾಲೂ ಬೇಡ. ದಿನಕ್ಕೊಬ್ಬ ಹುಡುಗ ಅಥವಾ ಹುಡುಗಿ ದೂರದವರ ಕಡೆಯ ಆಳಾಗಿ ಕೂರಲಿ: ಅವರು ಬರೆದು ಕಳಿಸಿದ್ದನ್ನು ಎದ್ದು ನಿಂತು ಓದುವುದು, ‘ಸರ್, ಅವರಿಗೆ ಕೇಳಸ್ಲಾಕತ್ತಿಲ್ಲ’ ಎಂದು ಪಾಠ ನಿಲ್ಲಿಸುವುದು ಅವರ ಕೆಲಸ. ಹಾಜರಿ ಕೂಗಿದಾಗ ಉತ್ತರ ಬಾರದಿದ್ದರೆ ಮೊದಲು ಅನುಮಾನ ಯಂತ್ರದ ಮೇಲಿರಲಿ.

ಇನ್ನೊಂದು ಮಾತು ಹೇಳಲೇಬೇಕು. 2021ರ ಮೇ ತಿಂಗಳಲ್ಲಿ ಯುಜಿಸಿ ಒಂದು ಕರಡು ಹೊರಡಿಸಿ, ಪ್ರತಿ ವಿಷಯದ ನೂರಕ್ಕೆ 40 ಭಾಗದವರೆಗೆ ಆನ್‌ಲೈನಿನಲ್ಲಿ ಕಲಿಸಬಹುದು ಎಂದಿತು. ಕಾಯಂ ಉಪನ್ಯಾಸಕರು ತುಂಬಿದ ಊರಿನಲ್ಲಿ ಇದು ಅನುಕೂಲ. ಹುದ್ದೆ ಖಾಲಿ ಬಿದ್ದ ಊರಿನಲ್ಲಿ ಇದೇ ಸಾಲು ತೋರಿಸಿ, ನೇಮಕಾತಿ ಯಾಕೆ, ಪರದೆ ಇದೆಯಲ್ಲ ಅನ್ನಬಹುದು. ಆಗ ಮಾಸ್ತರ ಬೆಂಗಳೂರಿನಲ್ಲಿ, ಮಕ್ಕಳು ಮಾತ್ರ ಕೋಣೆಯಲ್ಲಿ. ಇಡೀ ಕೋಣೆಯೇ ದಿಬ್ಬದ ಮೇಲೆ ಕೂತಂತೆ. ಈ ಪತ್ರಿಕೆ ಓದುವ ಮಾಸ್ತರುಗಳೂ ಸಂಘಟನೆಯವರೂ ಈ ಕಡೆ ಒಂದು ಕಣ್ಣಿಟ್ಟಿರಬೇಕು.

ನಿಮ್ಮ ಶಾಲೆಗೋ ಕಾಲೇಜಿಗೋ ಇಂಥ ಸಾಮಾನು ಮಾರಲು ಯಾರಾದರೂ ಬಂದರೆ, ಬಿಲ್ಲಿಗೆ ಸಹಿ ಹಾಕುವ ಮೊದಲು ಒಬ್ಬ ಹುಡುಗಿಯ ಕೈಗೆ ಒಂದು ಸಾದಾ ಸ್ಮಾರ್ಟ್ ಫೋನು ಕೊಟ್ಟು ಊರ ಹೊರಗಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿರಿ. ಅವಳು ಒಂದು ಪ್ರಶ್ನೆ ಕೇಳಲಿ. ಹಿಂದಿನ ಬೆಂಚಿನಲ್ಲಿ ಕೂತವನು ಆ ಪ್ರಶ್ನೆಯನ್ನು ತಿರುಗಿ ಹೇಳಲಿ. ಅವನಿಗೆ ಕೇಳಿಸದಿದ್ದರೆ ಸಾಮಾನನ್ನು ಬಂದ ಗಾಡಿಗೇ ಹೇರಿ ಕಳಿಸಿರಿ.