ಕಪ್ಪು ಪಕ್ಷ, ಹಸಿರು ಪಕ್ಷ: ವಾರಸುದಾರಿಕೆಯ ಜಗಳದಲ್ಲಿ ನಾವೆಲ್ಲಿ?

2019ರ ಮೇ 20, ಸೋಮವಾರ. ರಮಝಾನ್ ಅರ್ಧಕ್ಕೆ ಬಂದಿತ್ತು. ಮುಂಬೈಯ ಕುರ್ಲಾದಲ್ಲಿ ನಾಲ್ವರು ಹುಡುಗರು ಹಂಚಿಕೊಂಡಿದ್ದ ಒಂದು ಕೋಣೆ. ಸಹರಿ ಮುಗಿಸಿ, ಫಜ್ರ್ ನಮಾಜ್ ಮಾಡಿ, ಅವತ್ತು ಯಾರೂ ಮಲಗಲಿಲ್ಲ. ಬೆಳಿಗ್ಗೆ ಆರೂವರೆಗೆ ಹಾಟ್‌ಸ್ಟಾರ್‌ನಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಕೊನೆಯ ಕಂತು ಬರುವುದಿತ್ತು. ಒಂದೇ ಲ್ಯಾಪ್‌ಟಾಪ್, ನಾಲ್ಕು ತಲೆ. ಕಂತು ಮುಗಿದಾಗ ಸಿಂಹಾಸನ ಸಿಕ್ಕಿದ್ದು ಬ್ರಾನ್ ಸ್ಟಾರ್ಕ್‌ಗೆ. ಒಬ್ಬ ಗೆಳೆಯ ಲ್ಯಾಪ್‌ಟಾಪ್ ಮುಚ್ಚಿ, “ಇದಕ್ಕಾ ಇಷ್ಟು ವರ್ಷ ಕಾದಿದ್ದು?” ಅಂದ. ಅವತ್ತು ಲೋಕಲ್ ಟ್ರೈನಿನಲ್ಲೂ ಅದೇ ಜಗಳ, ಸಂಜೆ ಇಫ್ತಾರಿಗೆ ಕೂತಾಗಲೂ ಅದೇ ಜಗಳ.

ನಾವಷ್ಟೇ ಅಲ್ಲ. ಕೊನೆಯ ಸೀಸನ್ನನ್ನು ಹೊಸದಾಗಿ ಬರೆದು ಮತ್ತೆ ಚಿತ್ರೀಕರಿಸಿ ಅಂತ ಆನ್‌ಲೈನ್ ಅರ್ಜಿಯೊಂದಕ್ಕೆ 15 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಒಂದು ಕಟ್ಟುಕಥೆಯ ರಾಜ್ಯಕ್ಕೆ ರಾಜ ಯಾರಾಗಬೇಕು ಅನ್ನುವುದಕ್ಕೆ ಇಷ್ಟು ಸಿಟ್ಟು ಯಾಕೆ? ಈ ಪ್ರಶ್ನೆ ನನ್ನ ಜೊತೆ ಬಹಳ ದಿನ ಉಳಿಯಿತು. 2022ರಲ್ಲಿ ‘ಹೌಸ್ ಆಫ್ ದ ಡ್ರ್ಯಾಗನ್’ ಬಂದ ಮೇಲೆ ಅದಕ್ಕೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಸಿಕ್ಕಿದ್ದು ನಮ್ಮ ಮನೆಯಲ್ಲೇ. ಅದನ್ನು ಆಮೇಲೆ ಹೇಳುತ್ತೇನೆ. (ಎರಡೂ ಧಾರಾವಾಹಿಗಳನ್ನು ಇನ್ನೂ ನೋಡದವರು ಇಲ್ಲೇ ನಿಲ್ಲಿ. ಮುಂದೆ ಗುಟ್ಟುಗಳೆಲ್ಲ ಬಯಲಾಗುತ್ತವೆ.)

ಮೊದಲು ಹಳೆಯ ಜಗಳ. ಜಾರ್ಜ್ ಆರ್. ಆರ್. ಮಾರ್ಟಿನ್ ಈ ಸರಣಿಯ ಮೊದಲ ಕಾದಂಬರಿ ಪ್ರಕಟಿಸಿದ್ದು 1996ರಲ್ಲಿ. ಹಾದರದ ಮಗ ಅಂತ ಎಲ್ಲರೂ ತಿಳಿದ ಜಾನ್ ಸ್ನೋ ನಿಜಕ್ಕೂ ಯಾರ ಮಗ ಅನ್ನುವುದಕ್ಕೆ ಓದುಗರು ಆಗಿನಿಂದಲೇ ಸುಳಿವು ಹೆಕ್ಕತೊಡಗಿದ್ದರು. ಒಂದು ಕನಸು, ಒಂದು ಹೂವು, ಸಾಯುವಾಗ ತಂಗಿ ಅಣ್ಣನಿಂದ ಪಡೆದ ಒಂದು ಮಾತು: ಇವನ್ನೆಲ್ಲ ಸೇರಿಸಿ ವಕೀಲರ ಹಾಗೆ ಕೇಸು ಕಟ್ಟಿದರು. ಟಿವಿಯಲ್ಲಿ ಅದು ಸ್ಪಷ್ಟವಾಗಿ ಬಯಲಾದದ್ದು 2017ರಲ್ಲಿ. ಜಾನ್ ಹಾದರಕ್ಕೆ ಹುಟ್ಟಿದವನಲ್ಲ. ಅವನ ಅಪ್ಪ-ಅಮ್ಮನಿಗೆ ಮದುವೆಯಾಗಿತ್ತು. ಕಾಗದದ ಪ್ರಕಾರ ಸಿಂಹಾಸನ ಅವನದೇ. ಕೊನೆಗೆ ಆದದ್ದೇನು? ಜಾನ್‌ನನ್ನು ಉತ್ತರದ ಹಿಮಕ್ಕೆ ಗಡೀಪಾರು ಮಾಡಿದರು. “ಹಾಗಾದರೆ ಅವನ ಹುಟ್ಟಿನ ಗುಟ್ಟು ಯಾಕೆ ಬೇಕಿತ್ತು?” ಇದು ಅಭಿಮಾನಿಗಳ ಮುಖ್ಯ ದೂರು.

ಅವತ್ತು ನಾನೂ ಹಾಗೇ ಕೂಗಾಡಿದ್ದೆ. ಈಗ ಅನ್ನಿಸುವುದೇ ಬೇರೆ. ಹುಟ್ಟಿನ ಹಕ್ಕು ಇದ್ದವನಿಗೆ ಗದ್ದುಗೆ ಸಿಗಲಿಲ್ಲ ಅನ್ನುವುದು ಕಥೆಯ ತಪ್ಪಲ್ಲ, ಕಥೆ ಮೊದಲಿಂದಲೂ ಹೇಳುತ್ತ ಬಂದದ್ದೇ ಅದು. ತಪ್ಪು ಇರುವುದು ಅಲ್ಲಿಗೆ ಬಂದ ದಾರಿಯಲ್ಲಿ. ಮೊದಲ ಆರು ಸೀಸನ್‌ಗಳಿಗೆ ಹತ್ತತ್ತು ಕಂತು ಇದ್ದವು. ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಬರೀ ಆರು. ಐದನೇ ಸೀಸನ್‌ನಲ್ಲಿ ಒಮ್ಮೆಯೂ ಮುಖ ತೋರಿಸದ ಬ್ರಾನ್, “ಅವನ ಕಥೆಯೇ ಎಲ್ಲರಿಗಿಂತ ಚೆನ್ನಾಗಿದೆ” ಅನ್ನುವ ವಾದದ ಮೇಲೆ ರಾಜನಾಗುತ್ತಾನೆ. ವಾದ ಮಾಡುವವನು ಬೇಡಿ ಹಾಕಿಸಿಕೊಂಡ ಕೈದಿ, ಟಿರಿಯನ್. ಹತ್ತು ನಿಮಿಷದಲ್ಲಿ ಒಂದು ರಾಜ್ಯದ ಕಾನೂನೇ ಬದಲಾಗಿಬಿಡುತ್ತದೆ.

ಆದರೆ ಅದೇ ದೃಶ್ಯದಲ್ಲಿ ಒಂದು ಒಳ್ಳೆಯ ಕ್ಷಣವೂ ಇದೆ. ರಾಜನನ್ನು ಎಲ್ಲ ಜನರೂ ಸೇರಿ ಆರಿಸಿದರೆ ಹೇಗೆ ಅಂತ ಸ್ಯಾಮ್‌ವೆಲ್ ಕೇಳುತ್ತಾನೆ. ದೊರೆಗಳೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ. ಹಾಗಾದರೆ ನನ್ನ ನಾಯಿಗೂ, ನನ್ನ ಕುದುರೆಗೂ ಮತ ಕೊಡೋಣ ಅನ್ನುವ ಧಾಟಿ. ಅಭಿಮಾನಿಗಳ ಚರ್ಚೆಯಲ್ಲಿ ಈ ನಗುವಿನ ಬಗ್ಗೆ ಮಾತು ಬಂದದ್ದು ಕಡಿಮೆ. ಯಾಕೆಂದರೆ ನಾವೂ ಆ ದೊರೆಗಳ ಸಾಲಿನಲ್ಲೇ ಕೂತು ‘ಯಾರ ಹಕ್ಕು ದೊಡ್ಡದು’ ಅಂತ ಲೆಕ್ಕ ಹಾಕುತ್ತಿದ್ದೆವು.

‘ಹೌಸ್ ಆಫ್ ದ ಡ್ರ್ಯಾಗನ್’ ಈ ಲೆಕ್ಕವನ್ನೇ ಕಥೆ ಮಾಡಿಕೊಂಡಿದೆ. ಮಾರ್ಟಿನ್‌ರ ‘ಫೈರ್ ಅಂಡ್ ಬ್ಲಡ್’ (2018) ಇದರ ಮೂಲ. ಶುರುವಿನಲ್ಲೇ ಹ್ಯಾರನ್‌ಹಾಲ್ ಕೋಟೆಯಲ್ಲಿ ದೊಡ್ಡ ಸಭೆ. ಮುದಿ ರಾಜನ ಗಂಡುಮಕ್ಕಳು ತೀರಿಹೋಗಿದ್ದಾರೆ. ಹಿರಿಯ ವಂಶಜೆ ರೇನಿಸ್ ಹೆಣ್ಣು ಅನ್ನುವ ಕಾರಣಕ್ಕೆ ಅವಳನ್ನು ಬಿಟ್ಟು, ಸಭೆ ವಿಸೇರಿಸ್‌ನನ್ನು ಆರಿಸುತ್ತದೆ. ಹಾಗೆ ರಾಜನಾದ ಅದೇ ವಿಸೇರಿಸ್ ಮುಂದೆ ತನ್ನ ಮಗಳು ರೆನೀರಾಳನ್ನು ವಾರಸುದಾರಳು ಅಂತ ಘೋಷಿಸಿ, ಎಲ್ಲ ದೊರೆಗಳಿಂದ ಪ್ರಮಾಣ ಮಾಡಿಸುತ್ತಾನೆ. ಆಮೇಲೆ ಅಲಿಸೆಂಟ್‌ಳನ್ನು ಮದುವೆಯಾಗುತ್ತಾನೆ. ಏಗಾನ್ ಅನ್ನುವ ಮಗ ಹುಟ್ಟುತ್ತಾನೆ. ಪ್ರಮಾಣ ಮಗಳ ಕಡೆ, ರೂಢಿ ಮಗನ ಕಡೆ.

ರೆನೀರಾಳದು ಕಪ್ಪು ಪಕ್ಷ, ಏಗಾನ್‌ನದು ಹಸಿರು ಪಕ್ಷ. ಕಪ್ಪು ಪಕ್ಷದವರ ವಾದ: ರಾಜನ ಮಾತೇ ಕಾನೂನು, ಅವನು ಸಾಯುವ ತನಕ ಆ ಮಾತು ಬದಲಿಸಲಿಲ್ಲ, ಪ್ರಮಾಣ ಮಾಡಿದವರು ತಪ್ಪುವ ಹಾಗಿಲ್ಲ. ಹಸಿರು ಪಕ್ಷದವರ ವಾದ: ಹ್ಯಾರನ್‌ಹಾಲ್ ಸಭೆ ಗಂಡಿಗೇ ಆದ್ಯತೆ ಅಂತ ತೀರ್ಮಾನಿಸಿದೆ, ವಿಸೇರಿಸ್ ಸ್ವತಃ ರಾಜನಾದದ್ದೇ ಆ ತೀರ್ಮಾನದಿಂದ, ತನ್ನನ್ನು ಏರಿಸಿದ ಏಣಿಯನ್ನು ಅವನೇ ಒದೆಯುವುದು ಹೇಗೆ? ಎರಡರಲ್ಲೂ ಹುರುಳಿದೆ. ಇನ್ನೂ ಒಳಗೆ ಹೋದರೆ, ಆ ಲೋಕದ ಬಹುತೇಕ ಮನೆತನಗಳಲ್ಲಿ ಚಿಕ್ಕಪ್ಪನಿಗಿಂತ ಮಗಳ ಹಕ್ಕು ಮುಂದು; ಡೋರ್ನ್ ನಾಡಿನಲ್ಲಿ ಹೆಣ್ಣಾಗಲಿ ಗಂಡಾಗಲಿ ಹಿರಿಯ ಮಗುವೇ ವಾರಸು. ಯಾವ ಪುಟ ತೆರೆದರೂ ನಿಮಗೆ ಬೇಕಾದ ಕಾನೂನು ಸಿಗುತ್ತದೆ.

ಇದು ಬರೀ ಕಲ್ಪನೆಯೂ ಅಲ್ಲ. ಈ ಕಥೆಯ ಬೇರು ಇಂಗ್ಲೆಂಡಿನ ಇತಿಹಾಸದಲ್ಲಿದೆ. 1120ರಲ್ಲಿ ಹಡಗು ಮುಳುಗಿ ರಾಜ ಒಂದನೇ ಹೆನ್ರಿಯ ಮಗ ಸತ್ತ. ಹೆನ್ರಿ ಮಗಳು ಮಟಿಲ್ಡಾಗೆ ನಿಷ್ಠರಾಗಿರುವಂತೆ ಸರದಾರರಿಂದ ಪ್ರಮಾಣ ಮಾಡಿಸಿದ. 1135ರಲ್ಲಿ ಅವನು ಸತ್ತದ್ದೇ ತಡ, ಪ್ರಮಾಣ ಮಾಡಿದವರಲ್ಲೇ ಒಬ್ಬನಾದ ಅಳಿಯ ಸ್ಟೀಫನ್, ಅಂದರೆ ಹೆನ್ರಿಯ ಸಹೋದರಿಯ ಮಗ, ಕಿರೀಟ ಹಾಕಿಕೊಂಡ. ಆಮೇಲೆ ವರ್ಷಗಟ್ಟಲೆ ಅಂತರ್ಯುದ್ಧ, ರಾಜಿಯಾದದ್ದು 1153ರಲ್ಲಿ. ದೆಹಲಿಯಲ್ಲಿರುವ ನಮ್ಮ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಇಲ್ತುತ್ಮಿಷ್ ತನ್ನ ನಂತರ ಮಗಳು ರಜಿಯಾ ಅಂತ ಹೇಳಿದ್ದ ಎಂದು ಆ ಕಾಲದ ಚರಿತ್ರಕಾರ ಮಿನ್ಹಾಜ್ ದಾಖಲಿಸಿದ್ದಾನೆ. 1236ರಲ್ಲಿ ಸುಲ್ತಾನ ತೀರಿಕೊಂಡಾಗ ಅಮೀರರು ಮೊದಲು ಕೂರಿಸಿದ್ದು ಮಗ ರುಕ್ನುದ್ದೀನನನ್ನು. ಆಮೇಲೆ ರಜಿಯಾ ಗದ್ದುಗೆ ಏರಿದಳು, 1240ರ ಹೊತ್ತಿಗೆ ಮುಗಿದೂ ಹೋದಳು. ರಾಜನಿಗೆ ಬೇಕಾದ ಗುಣವೆಲ್ಲ ಅವಳಲ್ಲಿತ್ತು, ಆದರೆ ಗಂಡಾಗಿ ಹುಟ್ಟಲಿಲ್ಲವಲ್ಲ ಅನ್ನುವ ಅರ್ಥದಲ್ಲಿ ಮಿನ್ಹಾಜ್ ಬರೆಯುತ್ತಾನೆ. ತುರ್ಕ್‌ಮನ್ ಗೇಟಿನ ಒಳಗಿನ ಗಲ್ಲಿಗಳಲ್ಲಿ ಅವಳದೆನ್ನುವ ಗೋರಿ ಇದೆ.

ಅಂದರೆ ಅಪ್ಪನ ಮಾತಿತ್ತು, ಪ್ರಮಾಣವಿತ್ತು, ಕಾಗದವೂ ಇದ್ದಿರಬಹುದು. ಸಾಲದ್ದು ಯಾವುದು? ಇದನ್ನು ಧಾರಾವಾಹಿ ಅತ್ಯಂತ ಚೆನ್ನಾಗಿ ತೋರಿಸಿರುವುದು ಮೊದಲ ಸೀಸನ್ನಿನ ಎಂಟನೇ ಕಂತಿನಲ್ಲಿ. ಅಲ್ಲಿ ನಡೆಯುವುದು ಸಣ್ಣ ವಾರಸು ವ್ಯಾಜ್ಯ: ಡ್ರಿಫ್ಟ್‌ಮಾರ್ಕ್ ದ್ವೀಪ ಯಾರದು? ರೆನೀರಾಳ ಎರಡನೇ ಮಗ ಲೂಸೆರಿಸ್‌ನದು ಅಂತ ಹಿಂದೆಯೇ ನಿರ್ಧಾರವಾಗಿದೆ. ಆ ಹುಡುಗನ ಕಪ್ಪು ಕೂದಲು ನೋಡಿದರೆ ಸಾಕು, ಅವನು ಆ ಮನೆತನದ ರಕ್ತವಲ್ಲ ಅಂತ ಸಭೆಯಲ್ಲಿರುವ ಎಲ್ಲರಿಗೂ ಗೊತ್ತು. ಮನೆತನದ ನಿಜವಾದ ರಕ್ತ ವೇಮಂಡ್. ಅವನು ಹಕ್ಕು ಕೇಳುತ್ತಾನೆ. ಕೊಳೆತ ದೇಹದ ಮುದುಕ ವಿಸೇರಿಸ್ ಕೋಲೂರಿಕೊಂಡು ಸಿಂಹಾಸನದ ತನಕ ನಡೆದು ಬರುತ್ತಾನೆ. ಕಿರೀಟ ಬಿದ್ದುಹೋಗುತ್ತದೆ, ವರ್ಷಗಟ್ಟಲೆ ಜಗಳವಾಡಿದ ತಮ್ಮ ಡೇಮನ್ ಅದನ್ನು ಎತ್ತಿ ಅಣ್ಣನ ತಲೆಗಿಡುತ್ತಾನೆ. ಪ್ಯಾಡಿ ಕಾನ್ಸಿಡೈನ್ ಆ ನಡಿಗೆಯನ್ನು ನಟಿಸಿರುವ ರೀತಿಗೆ ಕಣ್ಣು ಒದ್ದೆಯಾಗುತ್ತದೆ.

ನಾವು ಕಣ್ಣು ಒರೆಸಿಕೊಳ್ಳುವುದರೊಳಗೆ ವೇಮಂಡ್ ಎಲ್ಲರಿಗೂ ಗೊತ್ತಿರುವ ಸತ್ಯವನ್ನು ಗಟ್ಟಿಯಾಗಿ ಹೇಳಿಬಿಡುತ್ತಾನೆ, ಜೊತೆಗೆ ರೆನೀರಾಗೆ ಹೊಲಸು ಮಾತನ್ನೂ ಆಡುತ್ತಾನೆ. ಡೇಮನ್ ಒಂದೇ ಏಟಿಗೆ ಅವನ ತಲೆ ಕತ್ತರಿಸುತ್ತಾನೆ. ವ್ಯಾಜ್ಯ ಮುಗಿಯಿತು. ಆ ವಾರ ಅಭಿಮಾನಿಗಳು ಮಾಡಿದ ಚರ್ಚೆ: ಲೇನರ್ ತನ್ನ ಮಕ್ಕಳೇ ಅಂತ ಒಪ್ಪಿಕೊಂಡಿದ್ದರಿಂದ ಕಾನೂನಿನ ಪ್ರಕಾರ ಅವರು ವಾರಸುದಾರರೇ ಅಲ್ಲವೇ? ವಾದ ಸರಿಯಾಗಿಯೇ ಇದೆ. ಆದರೆ ಆ ಸಭೆಯಲ್ಲಿ ತೀರ್ಪು ಕೊಟ್ಟದ್ದು ಆ ವಾದವಲ್ಲ, ಕತ್ತಿ. ನಮಗೆ ಇಷ್ಟವಾದ ಪಕ್ಷದ ಕತ್ತಿಯಾದ್ದರಿಂದ ನಾವು ಚಪ್ಪಾಳೆ ಹೊಡೆದೆವು.

ಅದೇ ಕಂತಿನ ಕೊನೆಯಲ್ಲಿ ನನಗೆ ಹಿಡಿಸದ ಒಂದು ಬದಲಾವಣೆ ಇದೆ. ಸಾಯುವ ರಾಜ ಹಳೆಯ ಭವಿಷ್ಯವಾಣಿಯೊಂದನ್ನು ಗೊಣಗುತ್ತಾನೆ. ಅದರಲ್ಲಿ ಪೂರ್ವಜ ಏಗಾನ್‌ನ ಹೆಸರು ಬರುತ್ತದೆ. ಅಲಿಸೆಂಟ್ ತನ್ನ ಮಗ ಏಗಾನ್ ಅಂತ ತಿಳಿಯುತ್ತಾಳೆ. ಪುಸ್ತಕದಲ್ಲಿ ಹೀಗಿಲ್ಲ. ‘ಫೈರ್ ಅಂಡ್ ಬ್ಲಡ್’ ಕಾದಂಬರಿಗಿಂತ ಹೆಚ್ಚಾಗಿ ಚರಿತ್ರೆಯ ಪುಸ್ತಕದ ಹಾಗಿದೆ. ಒಂದು ಘಟನೆಯನ್ನು ಪುರೋಹಿತ ಒಂದು ರೀತಿ, ಪಂಡಿತ ಇನ್ನೊಂದು ರೀತಿ, ಅರಮನೆಯ ವಿದೂಷಕ ಮತ್ತೊಂದು ರೀತಿ ಹೇಳುತ್ತಾರೆ. ಯಾರನ್ನು ನಂಬುವುದು ಓದುಗರಿಗೆ ಬಿಟ್ಟದ್ದು. ಟಿವಿಯಲ್ಲಿ ಈ ಅನುಮಾನದ ಜಾಗವನ್ನು ಹೆಸರಿನ ಗೊಂದಲ ತುಂಬಿಬಿಟ್ಟಿತು. “ಅಲಿಸೆಂಟ್ ಸರಿಯಾಗಿ ಕೇಳಿಸಿಕೊಂಡಿದ್ದರೆ ಯುದ್ಧವೇ ಆಗುತ್ತಿರಲಿಲ್ಲ” ಅಂತ ಎಷ್ಟು ಜನ ವಾದಿಸಿದರು! ಮುಂದಿನ ಕಂತು ನೋಡಿ. ಅಲಿಸೆಂಟ್ ಮಂತ್ರಿಮಂಡಲಕ್ಕೆ ಬಂದಾಗ ಅವಳ ಅಪ್ಪ ಆಟೋ ಮತ್ತು ಉಳಿದವರು ಏಗಾನ್‌ನನ್ನು ಕೂರಿಸುವ ಏರ್ಪಾಟನ್ನು ಮೊದಲೇ ಮಾಡಿಕೊಂಡಿದ್ದಾರೆ. ಅವಳಿಗೇ ತಿಳಿಸಿಲ್ಲ. ಇದು ಅನ್ಯಾಯ ಅಂದ ಮುದುಕ ಬೀಸ್‌ಬರಿ ಅದೇ ಮೇಜಿನ ಮೇಲೆ ಸಾಯುತ್ತಾನೆ. ಉಳಿದವರು ಹೆಣ ಪಕ್ಕದಲ್ಲಿಟ್ಟುಕೊಂಡೇ ಮಾತು ಮುಂದುವರಿಸುತ್ತಾರೆ. ಒಂದು ಹೆಸರು ಸರಿಯಾಗಿ ಕೇಳಿಸಿದ್ದರೂ ಆ ಕೋಣೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ.

2024ರ ಎರಡನೇ ಸೀಸನ್ನಿಗೆ ಕಂಪನಿಯವರು ಎರಡು ಟ್ರೇಲರ್ ಬಿಟ್ಟರು, ಒಂದು ಕಪ್ಪು, ಒಂದು ಹಸಿರು. ನಿಮ್ಮ ಪಕ್ಷ ಆರಿಸಿಕೊಳ್ಳಿ ಅಂತ. ಐಪಿಎಲ್ ಜೆರ್ಸಿ ಹಂಚಿದ ಹಾಗೆ. ಆದರೆ ಕಥೆ ಆ ಆಟಕ್ಕೆ ಒಗ್ಗಲಿಲ್ಲ. ಮಗುವಿನ ಕೊಲೆಗೆ ಪ್ರತೀಕಾರವಾಗಿ ಏಗಾನ್ ಅರಮನೆಯ ಇಲಿ ಹಿಡಿಯುವವರನ್ನೆಲ್ಲ ನೇಣಿಗೆ ಹಾಕಿಸುತ್ತಾನೆ; ತಪ್ಪು ಮಾಡಿದವನು ಒಬ್ಬ. ರೆನೀರಾ ಏನು ಕಮ್ಮಿ? ಡ್ರ್ಯಾಗನ್ ಏರಬಲ್ಲವರನ್ನು ಹುಡುಕಲು ರಾಜವಂಶದ ಹಾದರದ ಕುಡಿಗಳನ್ನು, ಬಡಪಾಯಿಗಳನ್ನು ಕರೆಸಿ, ಬಾಗಿಲು ಹಾಕಿ, ದೈತ್ಯ ಡ್ರ್ಯಾಗನ್ನಿನ ಮುಂದೆ ನಿಲ್ಲಿಸುತ್ತಾಳೆ. ಬಹುಪಾಲು ಜನ ಸುಟ್ಟು ಸಾಯುತ್ತಾರೆ. ಒಬ್ಬ ಕಮ್ಮಾರನಿಗೆ, ಒಬ್ಬ ಕುಡುಕನಿಗೆ ಡ್ರ್ಯಾಗನ್ ಒಲಿಯುತ್ತದೆ. ಅವಳ ಹಿರಿಮಗ ಜೇಸ್ ಸಿಡಿಯುತ್ತಾನೆ: ಇಂಥವರಿಗೂ ಡ್ರ್ಯಾಗನ್ ಒಲಿದರೆ, ನನ್ನ ಹುಟ್ಟಿನ ಬಗ್ಗೆ ಪಿಸುಗುಡುವವರ ಬಾಯಿ ಮುಚ್ಚಿಸಲು ನನ್ನ ಬಳಿ ಇನ್ನೇನು ಉಳಿಯಿತು? ಇಡೀ ವಾರಸುದಾರಿಕೆಯ ವಾದ ಕುಸಿಯುವುದು ಈ ಹುಡುಗನ ಬಾಯಲ್ಲಿ. ರಕ್ತ ಶ್ರೇಷ್ಠ ಅನ್ನುವ ನಂಬಿಕೆಯ ಮೇಲೆ ನಿಂತ ಮನೆ ಅದು. ಆ ರಕ್ತ ಹೆಂಡದಂಗಡಿಯಲ್ಲೂ ಸಿಗುತ್ತದೆ ಅಂತಾದರೆ?

ಈಗ ಮನೆಯ ವಿಷಯ. ಮೊದಲ ಸೀಸನ್ ಮುಗಿದ ಕೆಲವು ತಿಂಗಳಲ್ಲಿ ನಮ್ಮ ಅಬ್ಬಾ ತೀರಿಕೊಂಡರು. ಊರಲ್ಲಿ ಒಂದು ಮನೆ, ಸ್ವಲ್ಪ ಜಮೀನು. ನಾವು ಇಬ್ಬರು ಗಂಡುಮಕ್ಕಳು, ಒಬ್ಬಳು ಆಪಾ. ಮಗನ ಪಾಲಿನ ಅರ್ಧ ಮಗಳಿಗೆ ಅಂತ ಶರೀಅತ್ ಹೇಳುತ್ತದೆ. ಅದರಲ್ಲಿ ಗೊಂದಲವಿಲ್ಲ, ಹ್ಯಾರನ್‌ಹಾಲ್ ಸಭೆಯೂ ಬೇಕಿಲ್ಲ. ಆದರೂ ಹಿರಿಯರು ಕೂತ ಕೋಣೆಗೆ ಒಂದು ಹಕ್ಕು ಬಿಡುಗಡೆ ಪತ್ರ ಬಂತು. “ಅವಳು ಒಳ್ಳೆಯ ಹುಡುಗಿ, ತಮ್ಮಂದಿರಿಗೆ ಬಿಟ್ಟುಕೊಡ್ತಾಳೆ” ಅಂದರು ಚಾಚಾ. ಯಾರೂ ಜೋರು ಮಾಡಲಿಲ್ಲ, ಬೈಯಲಿಲ್ಲ. ಚಹಾ ಬಂತು. ಆಪಾ ಸಹಿ ಹಾಕಿದಳು. ನಾನು ಪಕ್ಕದಲ್ಲೇ ಇದ್ದೆ.

ಮುಂಬೈಗೆ ವಾಪಸ್ ಬಂದ ಮೇಲೆ ಒಂದು ದಿನ ಫೋನಿನಲ್ಲಿ ನಗುತ್ತಲೇ ಅಂದಳು: “ಆ ಬಿಳಿ ಕೂದಲಿನ ರಾಣಿ ಪರವಾಗಿ ತಿಂಗಳುಗಟ್ಟಲೆ ಮಾತಾಡಿದೆ. ನನ್ನ ಪರವಾಗಿ ಒಂದು ಮಾತು ಬರ್ಲಿಲ್ಲ ನೋಡು ನಿನ್ನ ಬಾಯಲ್ಲಿ.”

ಅವತ್ತು ರಾತ್ರಿ ಒಂಬತ್ತನೇ ಕಂತನ್ನು ಮತ್ತೆ ಹಾಕಿದೆ. ಮೊದಲ ಸಲ ನೋಡುವಾಗ ಆಟೋನ ಕುತಂತ್ರ, ಅಲಿಸೆಂಟ್‌ಳ ಸಂಕಟ ಇವನ್ನೇ ನೋಡಿದ್ದೆ. ಈ ಸಲ ಕಣ್ಣಿಗೆ ಬಿದ್ದವರು ಬೇರೆ. ಹಿಂದೆ ರೆನೀರಾಗೆ ಪ್ರಮಾಣ ಮಾಡಿದ ದೊರೆಗಳನ್ನು ಒಳಗೆ ಕರೆಸಿ, ಈಗ ಏಗಾನ್‌ಗೆ ಮಂಡಿಯೂರಿ ಅನ್ನುತ್ತಾರೆ. ಒಪ್ಪದ ಕೆಲವರನ್ನು ಕಾವಲಿನವರು ಎಳೆದೊಯ್ಯುತ್ತಾರೆ. ಉಳಿದವರು ಒಬ್ಬರನ್ನೊಬ್ಬರು ನೋಡಿಕೊಂಡು, ಮೆಲ್ಲಗೆ ಮಂಡಿಯೂರುತ್ತಾರೆ. ಅವರಿಗಾದರೂ ಜೀವದ ಭಯವಿತ್ತು. ನನ್ನ ಮುಂದೆ ಇದ್ದದ್ದು ಚಹಾ.

ಈ ಧಾರಾವಾಹಿಯ ಬಗ್ಗೆ ಜಗಳವಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಜಗಳವಾಡಿ, ಕಥೆಗೆ ಅದು ಬೇಕು. ಆದರೆ ‘ಹಕ್ಕು ಯಾರದು’ ಅನ್ನುವಲ್ಲಿಗೆ ನಿಲ್ಲಿಸಬೇಡಿ. ಹಕ್ಕು ಯಾರದು ಅಂತ ಆ ಕೋಣೆಗಳಲ್ಲಿ ಬಹಳ ಸಲ ಎಲ್ಲರಿಗೂ ಗೊತ್ತೇ ಇರುತ್ತದೆ. ಗೊತ್ತಿದ್ದೂ ಅದು ಹೇಗೆ ಕೈತಪ್ಪುತ್ತದೆ, ಆಗ ಯಾರು ಯಾರು ಅಲ್ಲಿ ಕೂತಿದ್ದರು, ಯಾರನ್ನು ಒಳಗೇ ಕರೆಯಲಿಲ್ಲ: ಇದನ್ನೂ ಕೇಳಿ. ಎಂಟು ಮತ್ತು ಒಂಬತ್ತನೇ ಕಂತುಗಳನ್ನು ಒಟ್ಟಿಗೆ ನೋಡಿ. ಆ ಪತ್ರವನ್ನು ರದ್ದು ಮಾಡಿ ಆಪಾಳ ಪಾಲು ಅವಳಿಗೆ ಕೊಡೋಣ ಅಂತ ಅಣ್ಣನ ಜೊತೆ ಮಾತು ತೆಗೆದಿದ್ದೇನೆ. ಅವನಿನ್ನೂ ಒಪ್ಪಿಲ್ಲ.