ಗಲಾಟೆ ಮಾಡದ ಮಗುವಿಗಷ್ಟೇ ದೇವರೇ?

ಈಗಿನ ಮಕ್ಕಳಿಗೆ ದೇವರು ದಿಂಡರು ಅಂದರೆ ಭಯಭಕ್ತಿ ಇಲ್ಲ ಎಂಬ ಮಾತು ಮದುವೆಮನೆಯ ಪಂಕ್ತಿಯಿಂದ ಹಿಡಿದು ಪತ್ರಿಕೆಯ ಅಂಕಣದವರೆಗೆ ಎಲ್ಲ ಕಡೆ ಓಡಾಡುತ್ತಿದೆ. ಅದರ ಬೆನ್ನಿಗೇ ಪರಿಹಾರವೂ ಬರುತ್ತದೆ: ನಗಿಸಿ ಮುದ್ದಿಸಿ ತಲೆಯ ಮೇಲೆ ಕೂರಿಸಿಕೊಂಡಿದ್ದೇ ತಪ್ಪು; ದೇವರ ಮುಂದೆ ಬಾಯಿ ಮುಚ್ಚಿ ಕೈಮುಗಿದು ನಿಲ್ಲುವುದನ್ನು ಮೊದಲು ಕಲಿಸಿ, ಸಂಸ್ಕಾರ ತಾನಾಗಿ ಬರುತ್ತದೆ. ಇದಕ್ಕೆ ಎದುರಾಡುವವರು ಕಡಿಮೆ. ತಾಯಂದಿರಂತೂ ಎದುರಾಡುವ ಸ್ಥಿತಿಯಲ್ಲೇ ಇರುವುದಿಲ್ಲ. ದರ್ಶನದ ಸಾಲಿನಲ್ಲಿ ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಳ್ಳುತ್ತ, ಹಿಂದೆ ನಿಂತವರು ಲೊಚಗುಟ್ಟಿದಾಗೆಲ್ಲ ತಲೆ ತಗ್ಗಿಸುತ್ತಿರುತ್ತಾರೆ.

ಭಕ್ತಿಗೆ ಗಾಂಭೀರ್ಯವೇ ಮೊದಲ ಮೆಟ್ಟಿಲು, ಮಕ್ಕಳ ಗಲಾಟೆ ಮತ್ತು ದೊಡ್ಡವರ ನಗು ಅದಕ್ಕೆ ಅಡ್ಡಿ ಎಂಬ ಈ ನಂಬಿಕೆ ನಮ್ಮ ಪರಂಪರೆಯದ್ದಲ್ಲ ಎಂಬುದು ನನ್ನ ವಾದ. ಪರಂಪರೆಯ ಹೆಸರು ಹೇಳಿಕೊಂಡು ಬಂದಿರುವ ಹೊಸ ಶಿಸ್ತು ಇದು. ಪರೀಕ್ಷೆ ಮಾಡಲು ಯಡಿಯೂರಿಗಿಂತ ಒಳ್ಳೆಯ ಜಾಗ ಬೇಕಿಲ್ಲ.

ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ ಕುಣಿಗಲ್ ದಾಟಿ ಸುಮಾರು 20 ಕಿಲೋಮೀಟರ್ ಹೋದರೆ ಯಡಿಯೂರು. ತೋಂಟದ ಸಿದ್ಧಲಿಂಗ ಯತಿಗಳ ನಿರ್ವಿಕಲ್ಪ ಸಮಾಧಿ ಇರುವ ಕ್ಷೇತ್ರ. ಅವರ ‘ಷಟ್‌ಸ್ಥಲ ಜ್ಞಾನಸಾರಾಮೃತ’ದಲ್ಲಿ 701 ವಚನಗಳಿವೆ, ಪಂಡಿತರೂ ನಿಧಾನವಾಗಿ ಓದಬೇಕಾದ ಗಹನವಾದ ಕೃತಿ. ಅಂದಮೇಲೆ ಗಾಂಭೀರ್ಯದ ಪಕ್ಷದವರು ಇದು ತಮ್ಮದೇ ಊರು ಎಂದುಕೊಂಡರೆ ತಪ್ಪಿಲ್ಲ. ಆದರೆ ಈ ಊರಿಗೆ ಜನ ಬರುವುದು ಹೇಗೆ ಅನ್ನುವುದನ್ನು ನೋಡಬೇಕು. ಬಗಲಲ್ಲಿ ಕೂಸು, ಹೆಗಲಲ್ಲಿ ಹಾಲಿನ ಬಾಟಲಿಯ ಚೀಲ, ಕೈಯಲ್ಲಿ ಹಣ್ಣುಕಾಯಿ. ಬರುವ ಕಾರಣವೂ ಬಹುಪಾಲು ಕೂಸೇ: ಹರಕೆ ತೀರಿಸುವುದು, ಮುಡಿ ಕೊಡುವುದು, ಹೆಸರಿಡುವುದು.

ಮುಡಿ ಕೊಡುವ ಕಡೆ ಅರ್ಧ ಗಂಟೆ ನಿಂತರೆ ಸಾಕು. ಸೋದರಮಾವ ಚಕ್ಕಳಮಕ್ಕಳ ಹಾಕಿ ಕೂತು ಮಗುವಿನ ಎರಡೂ ಕೈ ಬಿಗಿಯಾಗಿ ಹಿಡಿದಿರುತ್ತಾನೆ. ತಲೆಗೆ ತಣ್ಣೀರು ಬಿದ್ದ ಕ್ಷಣ ರಾಗ ಶುರು. ಅಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕೂತು ಫೋನಿನಲ್ಲಿ ಕಾರ್ಟೂನ್ ಹಾಡು ಕುಣಿಸುತ್ತಾನೆ, ಅತ್ತೆ ಬಿಸ್ಕತ್ತು ತೋರಿಸುತ್ತಾಳೆ, ಅಮ್ಮ ಮಾತ್ರ ನೋಡಲಾರದೆ ಬೆನ್ನು ತಿರುಗಿಸಿರುತ್ತಾಳೆ. ಹೀಗೆ ಒಂದು ಸಲ, ಎಲ್ಲ ಮುಗಿದು ತಲೆಗೆ ಗಂಧ ಬಳಿದ ಮೇಲೆ ಮೂರು ವರ್ಷದ ಹುಡುಗ ನೆತ್ತಿ ತಡವಿಕೊಂಡು ಕೇಳಿದ:

“ಅಜ್ಜಿ, ನನ್ ಕೂದ್ಲು?”

“ಅಪ್ಪನೋರಿಗೆ ಕೊಟ್ವಿ ಕಣಪ್ಪ.”

“ವಾಪಸ್ ಕೊಡ್ತಾರಾ?”

ಅಜ್ಜಿ ಪಕ್ಕದಲ್ಲಿ ನಿಂತಿದ್ದ ತಾತನ ಬೋಳುತಲೆಯನ್ನೊಮ್ಮೆ ನೋಡಿ ಅಂದರು: “ನಿಂಗೆ ಕೊಡ್ತಾರೆ. ನಿಮ್ ತಾತಂಗೆ ಕೊಡ್ಲಿಲ್ಲ ನೋಡು.”

ಸುತ್ತ ಇದ್ದವರೆಲ್ಲ ನಕ್ಕರು, ಮುಡಿ ತೆಗೆಯುವವರು ಕತ್ತಿ ಒರೆಸಿಕೊಳ್ಳುತ್ತ ನಕ್ಕರು, ತಾತನೂ ನಕ್ಕರು. ಇದರಿಂದ ಅಜ್ಜಿಯ ಭಕ್ತಿ ಕಡಿಮೆಯಾಯಿತೇ? ಆಕೆಗೆ ಅಪ್ಪನೋರು, ಅಂದರೆ ಸಿದ್ಧಲಿಂಗರು, ಎಷ್ಟು ಹತ್ತಿರದವರೆಂದರೆ, ಮನೆಯವರ ಮೇಲೆ ಆಡುವ ಸಲಿಗೆಯ ಮಾತನ್ನೇ ಅವರ ಮೇಲೂ ಆಡಬಹುದು. ದೂರದ ಅಧಿಕಾರಿಯ ಮುಂದೆ ಯಾರೂ ಹೀಗೆ ಆಡುವುದಿಲ್ಲ. ಸಲಿಗೆ ಇಲ್ಲದ ಕಡೆ ಇರುವುದು ಮರ್ಯಾದೆ, ಹೆಚ್ಚೆಂದರೆ ಭಯ. ಅದನ್ನೇ ಭಕ್ತಿ ಎಂದು ಕರೆಯುವ ಅಭ್ಯಾಸ ನಮಗಾಗಿದೆ.

ಹರಕೆಯ ವ್ಯವಹಾರದಲ್ಲೂ ಇಂಥ ತಮಾಷೆ ಇದೆ. ಮಗುವಿಗೆ ಜ್ವರ ಏರಿದ ರಾತ್ರಿ ತಾಯಿ ಔಷಧಿ ಕುಡಿಸಿ, ಹಣೆಗೆ ಒದ್ದೆಬಟ್ಟೆ ಇಟ್ಟು, ಯಡಿಯೂರಪ್ಪ, ಇದು ಇಳಿದರೆ ಮುಡಿ ಕೊಡಿಸುತ್ತೇನೆ ಅನ್ನುತ್ತಾಳೆ. ಹರಕೆ ಹೊತ್ತವಳು ಅವಳು, ತೀರಿಸುವುದು ಕೂಸಿನ ತಲೆ! ಈ ವಿಚಿತ್ರ ಒಪ್ಪಂದ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಹೊರುತ್ತಾಳೆ, ಜ್ವರ ಇಳಿದ ಮೇಲೆ ಹೇಳಿಕೊಂಡು ನಗುತ್ತಾಳೆ. ಔಷಧಿ, ಹರಕೆ, ನಗು ಮೂರೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇರುತ್ತವೆ.

ಇದೆಲ್ಲ ಹಳ್ಳಿಯವರ ಅಮಾಯಕತೆ, ಶಾಸ್ತ್ರ ಬೇರೆ ಎಂದು ಹೇಳುವವರಿದ್ದಾರೆ. ಹಾಗಾದರೆ ಶರಣರ ಕತೆಗಳನ್ನೇ ನೋಡೋಣ. ಬೇಡರ ಕಣ್ಣಪ್ಪ ಬಾಯಲ್ಲಿ ನೀರು ತುಂಬಿಕೊಂಡು ಬಂದು ಲಿಂಗಕ್ಕೆ ಅಭಿಷೇಕ ಮಾಡಿದ. ಮಾಂಸವನ್ನು ತಾನು ಮೊದಲು ತಿಂದು ನೋಡಿ, ರುಚಿಯಾದ ತುಂಡನ್ನು ಆರಿಸಿ ಕೊಟ್ಟ. ಕಣ್ಣು ಕೀಳುವಾಗ ಗುರುತಿಗಿರಲಿ ಎಂದು ಲಿಂಗದ ಮೇಲೆ ಕಾಲಿಟ್ಟ. ಎರಡು ವರ್ಷದ ಮಗು ಮನೆಯಲ್ಲಿ ಮಾಡುವುದು ಇದನ್ನೇ. ಬಾಳೆಹಣ್ಣನ್ನು ಅರ್ಧ ಕಚ್ಚಿ, ಜೊಲ್ಲು ಸಮೇತ ನಮ್ಮ ಬಾಯಿಗೆ ತುರುಕುತ್ತದೆ. ಬಾಯಿ ಸಿಗದಿದ್ದರೆ ಎದೆಯ ಮೇಲೆ ಕಾಲಿಟ್ಟು ಹತ್ತುತ್ತದೆ. ಅದೇ ಮಗು ನೈವೇದ್ಯದ ತಟ್ಟೆಗೆ ಕೈ ಹಾಕಿದರೆ ಮಾತ್ರ ಎಂಜಲಾಯಿತೆಂದು ಹೌಹಾರುತ್ತೇವೆ.

ಕೋಳೂರು ಕೊಡಗೂಸಿನ ಕತೆಯನ್ನು ಹರಿಹರ ರಗಳೆ ಮಾಡಿದ. ಅಪ್ಪ ಊರಿಗೆ ಹೋಗುವಾಗ ಶಿವನಿಗೆ ಹಾಲು ಕೊಟ್ಟು ಬಾ ಎಂದು ಪುಟ್ಟ ಮಗಳಿಗೆ ಹೇಳುತ್ತಾನೆ. ಅವಳು ಹಾಲಿಟ್ಟು ಕಾಯುತ್ತಾಳೆ, ಶಿವ ಕುಡಿಯುವುದಿಲ್ಲ. ರಮಿಸುತ್ತಾಳೆ, ಗೋಗರೆಯುತ್ತಾಳೆ, ಕೊನೆಗೆ ಅತ್ತು ರಂಪ ಮಾಡಿ ಪ್ರಾಣ ಬಿಡುವುದಾಗಿ ಹಟ ಹಿಡಿಯುತ್ತಾಳೆ. ಶಿವ ಸೋತು ಕುಡಿಯುತ್ತಾನೆ. ಮನೆಗೆ ಬಂದ ಅಪ್ಪನಿಗೆ ನಂಬಿಕೆಯಿಲ್ಲ; ಹಾಲು ಎಲ್ಲಿಗೆ ಹೋಯಿತೆಂದು ಜಬರಿಸುತ್ತಾನೆ. ಕಳ್ಳಬೆಕ್ಕಿನ ಮೇಲೆ ತಪ್ಪು ಹೊರಿಸುವ ಮಕ್ಕಳನ್ನು ಕಂಡ ಯಾವ ಅಪ್ಪನಾದರೂ ಹಾಗೇ ಕೇಳುತ್ತಾನೆ. ಆದರೆ ಹರಿಹರ ಇಲ್ಲಿ ಯಾರ ಕಡೆ? ಭಕ್ತಿಯನ್ನು ದಿನಚರಿಯಾಗಿ ಮಾಡಿಕೊಂಡಿದ್ದ ಅಪ್ಪನ ಕಡೆ ಅಲ್ಲ, ಗುಡಿಯಲ್ಲಿ ಕಿರುಚಾಡಿದ ಮಗುವಿನ ಕಡೆ. ಅಪ್ಪನ ಸಿಟ್ಟಿಗೆ ಹೆದರಿದ ಆ ಮಗು ಕೊನೆಗೆ ಲಿಂಗದೊಳಗೇ ಸೇರಿಹೋಗುತ್ತದೆ. ಶಿಸ್ತಿನ ಅಪ್ಪನಿಗೆ ಮಗಳೂ ದಕ್ಕುವುದಿಲ್ಲ.

ಇನ್ನು ಬೆಜ್ಜಮಹಾದೇವಿ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬರುವ ತಾಯಿ; ಆ ಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಶಿವನಿಗೆ ಹೆತ್ತವಳಿಲ್ಲ ಎಂಬ ಸಂಗತಿ ಅವಳಿಗೆ ತಡೆಯಲಾರದ ಸಂಕಟ. ತಾಯಿ ಇದ್ದಿದ್ದರೆ ವಿಷ ಕುಡಿಯಲು ಬಿಡುತ್ತಿದ್ದಳೇ, ಮೈಗೆ ಬೂದಿ ಬಳಿದುಕೊಂಡು ಹಾವು ಸುತ್ತಿಕೊಂಡು ಭಿಕ್ಷೆಗೆ ಅಲೆಯಲು ಬಿಡುತ್ತಿದ್ದಳೇ ಎಂದು ಮರುಗಿ, ತಾನೇ ತಾಯಿಯಾಗಿ ಶಿವನನ್ನು ಕೂಸು ಮಾಡಿಕೊಂಡು ಎರೆದು, ಉಣಿಸಿ, ಸಾಕುತ್ತಾಳೆ. ಶಿವನೂ ಕಡಿಮೆಯವನಲ್ಲ, ಕಾಯಿಲೆ ಬಂದ ಕೂಸಿನ ಹಾಗೆ ನಟಿಸಿ ಅವಳನ್ನು ಗೋಳಾಡಿಸುತ್ತಾನೆ. ಲೋಕದ ಒಡೆಯನನ್ನು ‘ಹೇಳೋರು ಕೇಳೋರು ಇಲ್ಲದ ಹುಡುಗ’ ಎಂದು ಕಂಡ ಈ ಕತೆಯಲ್ಲಿ ನಗು ಎಲ್ಲಿ ಮುಗಿದು ಭಕ್ತಿ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ಯಾರಿಂದಲೂ ಆಗದು.

ಈ ಮೂವರನ್ನೂ ಇವತ್ತಿನ ದರ್ಶನದ ಸಾಲಿನಲ್ಲಿ ನಿಲ್ಲಿಸಿ ನೋಡಿ. ಒಬ್ಬ ಎಂಜಲು ಮಾಡುತ್ತಾನೆ, ಒಬ್ಬಳು ರಂಪ ಮಾಡುತ್ತಾಳೆ, ಇನ್ನೊಬ್ಬಳು ದೇವರಿಗೇ ಬುದ್ಧಿ ಹೇಳುತ್ತಾಳೆ. ನಮ್ಮ ಸಂಸ್ಕಾರದ ಪಾಠ ಮೂವರನ್ನೂ ಹೊರಗೆ ಕಳಿಸುತ್ತದೆ. ಮಕ್ಕಳ ಸಲಿಗೆಯನ್ನು ಒಪ್ಪುವುದು ನಮ್ಮವರಲ್ಲಷ್ಟೇ ಇರುವ ಮಾತೂ ಅಲ್ಲ. ಮಕ್ಕಳನ್ನು ದೂರ ಅಟ್ಟಿದ ಶಿಷ್ಯರ ಮೇಲೆ ಯೇಸು ಸಿಟ್ಟಾದದ್ದನ್ನು ಸುವಾರ್ತೆ ಹೇಳುತ್ತದೆ. ನಮಾಜಿನಲ್ಲಿ ಬಾಗಿದ್ದಾಗ ಮೊಮ್ಮಗ ಬೆನ್ನೇರಿದನೆಂದು ಪ್ರವಾದಿ ಮುಹಮ್ಮದರು ಏಳುವುದನ್ನೇ ತಡಮಾಡಿದ ಪ್ರಸಂಗ ಹದೀಸಿನಲ್ಲಿದೆ.

ವೀರಶೈವ ಮನೆಗಳಲ್ಲಿ ಕೂಸು ಹುಟ್ಟಿದ ಕೆಲವೇ ದಿನಕ್ಕೆ ಲಿಂಗಧಾರಣೆ ಮಾಡಿಸುವ ರೂಢಿ ಇದೆ. ಕತ್ತು ನಿಲ್ಲದ, ಹಾಲು ಕಕ್ಕುವ, ಹೊತ್ತುಗೊತ್ತಿಲ್ಲದೆ ಚೀರುವ ಕೂಸಿಗೆ ಲಿಂಗ ಕಟ್ಟುವಾಗ ಯಾರೂ ಅದರ ನಡತೆ ಕೇಳಲಿಲ್ಲ. ಮೊದಲು ಕೊಟ್ಟರು, ಮಿಕ್ಕಿದ್ದು ಬೆಳೆಯುತ್ತ ಬರಲಿ ಎಂದರು. ಮೊದಲು ಶಿಸ್ತು, ಆಮೇಲೆ ದೇವರು ಎನ್ನುವವರು ಈ ಕ್ರಮವನ್ನೇ ಬುಡಮೇಲು ಮಾಡುತ್ತಾರೆ.

ಶಿಸ್ತು ತರಲು ಅವರ ಬಳಿ ಇರುವ ಆಯುಧ ಒಂದೇ: ಹೆದರಿಕೆ. ಸುಳ್ಳು ಹೇಳಿದರೆ ಚಾಮಿ ಕಣ್ಣು ಕೀಳುತ್ತೆ ಎಂದು ಗದರಿಸದ ಮನೆ ನಮ್ಮಲ್ಲಿ ಅಪರೂಪ. ಕಣ್ಣಪ್ಪನ ಕತೆಯಲ್ಲಿ ಕಣ್ಣು ಕಿತ್ತು ಕೊಡಲು ಹೋದವನು ಭಕ್ತ, ಬೇಡವೆಂದು ಕೈ ಹಿಡಿದವನು ಶಿವ. ಅಂಥ ಶಿವನನ್ನು ಕಣ್ಣು ಕೀಳುವ ಗುಮ್ಮನನ್ನಾಗಿ ಮಾಡಿ, ಮಗು ದೇವರಮನೆಗೆ ಬರಲು ಹಿಂಜರಿದರೆ ಕಾಲ ಕೆಟ್ಟಿತೆಂದು ದೂರುವುದು ಯಾವ ನ್ಯಾಯ? ಕಗ್ಗೆರೆಯ ತೋಟದಲ್ಲಿ ಸಿದ್ಧಲಿಂಗರು ತಪಸ್ಸಿಗೆ ಕೂತು, ಮೈಮೇಲೆ ಹುತ್ತ ಬೆಳೆದು, ಅದರ ಮೇಲೆ ಹಸು ಹಾಲು ಕರೆಯುತ್ತಿದ್ದ ಕತೆಯನ್ನು ಕೇಳಿದ ನಮ್ಮ ಹುಡುಗಿಯೊಬ್ಬಳು, “ಇರುವೆ ಕಚ್ಚಲಿಲ್ವಾ?” ಎಂದಳು. “ಕಚ್ಚಿರ್ತಾವೆ ಕಣವ್ವ, ಅವರು ನಿನ್ನಂಗೆ ಊರು ಒಂದು ಮಾಡಲಿಲ್ಲ, ಅಷ್ಟೆ” ಎಂದರು ಅವಳ ಅಜ್ಜಿ. ಪ್ರಶ್ನೆಗೆ ಉತ್ತರವೂ ಸಿಕ್ಕಿತು, ತಪಸ್ಸು ಅಂದರೆ ಏನೆಂಬುದೂ ಒಂದಿಷ್ಟು ತಿಳಿಯಿತು. ದೇವರ ಕತೆಯಲ್ಲಿ ಅಧಿಕಪ್ರಸಂಗ ಮಾಡಬೇಡ ಎಂದು ಬೈದಿದ್ದರೆ ಎರಡೂ ಆಗುತ್ತಿರಲಿಲ್ಲ.

ನಗು, ಭಕ್ತಿ ಎರಡೂ ಜೊತೆಗಿರಬಲ್ಲವು ಎಂಬುದಕ್ಕೆ ಪಕ್ಕದ ಗುಬ್ಬಿಯಲ್ಲಿ ದೊಡ್ಡ ಸಾಕ್ಷಿ ಇದೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ತನ್ನ ಹೆಸರಿನಲ್ಲೇ ಊರದೇವರು ಚನ್ನಬಸವೇಶ್ವರನನ್ನು ಇಟ್ಟುಕೊಂಡಿತು. ಆ ದೇವರ ಹೆಸರಿನ ಕಂಪನಿಗೆ ನಾಡೆಲ್ಲ ಜನ ಕಿಕ್ಕಿರಿಯುವಂತೆ ಮಾಡಿದ ಗುಬ್ಬಿ ವೀರಣ್ಣ ಹೆಸರಾದದ್ದು ಹಾಸ್ಯಪಾತ್ರಗಳಿಂದ. ‘ಸದಾರಮೆ’ಯ ಕಳ್ಳನ ಪಾತ್ರವನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಎಳೆಯ ವಯಸ್ಸಿನಲ್ಲೇ ರಂಗಕ್ಕೆ ಬಂದವರು ಅವರು. ಅದೇ ಗುಬ್ಬಿಯವರ ಸಂಸ್ಥೆ 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರವನ್ನು ತೆರೆಗೆ ತಂದಿತು, ಆ ಕಂಪನಿಯ ನೆರಳಲ್ಲೇ ಬೆಳೆದ ರಾಜ್‌ಕುಮಾರ್ ನಾಯಕರಾದರು. ನಗಿಸುವುದೂ ಕೈಮುಗಿಸುವುದೂ ಒಂದೇ ಕಂಪನಿಯ ಕೆಲಸವಾಗಿತ್ತು. ತೊಡೆಯ ಮೇಲೆ ಮಕ್ಕಳನ್ನು ಮಲಗಿಸಿಕೊಂಡು ರಾತ್ರಿಯಿಡೀ ನಾಟಕ ನೋಡಿದವರಿಗೆ ಇದರಲ್ಲಿ ವಿರೋಧ ಕಾಣಲಿಲ್ಲ.

ಎದುರು ಪಕ್ಷದ ಗಟ್ಟಿ ವಾದ ಸಿದ್ಧಗಂಗೆಯದು. ತುಮಕೂರಿನ ಆ ಮಠದಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ಸಾಮೂಹಿಕ ಪ್ರಾರ್ಥನೆ ಮಾಡುವುದನ್ನು ನೋಡಿದವರು, ಶಿಸ್ತಿಲ್ಲದೆ ಇದು ಸಾಧ್ಯವೇ ಎಂದು ಕೇಳುತ್ತಾರೆ. ಸಾಧ್ಯವಿಲ್ಲ, ಒಪ್ಪುತ್ತೇನೆ. ಆದರೆ ಅವರು ಶಾಲೆಗೆ ಹೋಗುವ ಮಕ್ಕಳು. ತೊಟ್ಟಿಲಿನಿಂದ ಆಗಷ್ಟೇ ಇಳಿದವರಿಗೆ ಆ ಅಳತೆ ಹಿಡಿಯುವುದು ಸಲ್ಲ. ಇನ್ನೊಂದು, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಜಾತಿ ಮತ ನೋಡದೆ ಆ ಮಕ್ಕಳಿಗೆ ಕೊಟ್ಟದ್ದು ಅನ್ನ, ಅಕ್ಷರ, ಆಶ್ರಯ. ಹೊಟ್ಟೆ ತುಂಬಿಸಿದವರ ಮುಂದೆ ಮಕ್ಕಳು ಕೂತರು. ಆ ಪ್ರಾರ್ಥನೆಯ ಮೌನವನ್ನಷ್ಟೇ ಮನೆಗೆ ತಂದು, ದಾಸೋಹದ ಅಕ್ಕರೆಯನ್ನು ಅಲ್ಲೇ ಬಿಟ್ಟುಬಂದರೆ ಸಿದ್ಧಗಂಗೆಯ ಹೆಸರು ಹೇಳುವ ಅಧಿಕಾರ ನಮಗಿರುವುದಿಲ್ಲ.

ಹಾಗೆಂದು ಎಲ್ಲ ನಗುವಿಗೂ ನಾನು ವಕಾಲತ್ತು ವಹಿಸುವುದಿಲ್ಲ. ಮಂಗಳಾರತಿ ತಟ್ಟೆ ಹತ್ತಿರ ಬಂದಾಗ ಹುಟ್ಟುಹಬ್ಬದ ಕೇಕಿನ ಅಭ್ಯಾಸದಲ್ಲಿ ಮಗು ದೀಪ ಊದುತ್ತದೆ. ಅದಕ್ಕೆ ಯಾರಿಗಾದರೂ ನಗು ಬರುತ್ತದೆ. ಆದರೆ ಅದನ್ನೇ ಮತ್ತೆ ಊದಿಸಿ, ಮೊಬೈಲಿಗೆ ಹಿಡಿದು, ರೀಲ್ಸ್ ಮಾಡಿ ಊರಿಗೆಲ್ಲ ಹಂಚುವಾಗ ಮಗು ನಗುವವರ ಜೊತೆ ಇರುವುದಿಲ್ಲ, ನಗೆಯ ಸರಕಾಗಿರುತ್ತದೆ. ಅಜ್ಜಿಯ ಚಟಾಕಿ ಮೊಮ್ಮಗನ ಪ್ರಶ್ನೆಗೆ ಉತ್ತರ ಕೊಟ್ಟಿತು. ಈ ವಿಡಿಯೊ ಅಂಥ ಯಾವ ಕೆಲಸವನ್ನೂ ಮಾಡುವುದಿಲ್ಲ.

ಇನ್ನೊಂದು ಉಪದೇಶವೂ ಅಷ್ಟೇ ಹುಸಿ: ಮಕ್ಕಳ ತಂಟೆಯನ್ನೆಲ್ಲ ನಕ್ಕು ಹಗುರ ಮಾಡಿಕೊಳ್ಳಮ್ಮ, ದೇವರ ಮೇಲೆ ಭಾರ ಹಾಕು. ತುಮಕೂರಿನ ಬಾಡಿಗೆ ಮನೆಯಲ್ಲೋ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೋ ನಿದ್ದೆಗೆಟ್ಟು ಒಬ್ಬಳೇ ಕೂಸು ಎತ್ತಿಕೊಂಡು ಓಡಾಡುವವಳಿಗೆ ಈ ಮಾತು ಹೇಳುವುದು ಕ್ರೌರ್ಯ. ಯಡಿಯೂರಿನಲ್ಲಿ ಆ ಅಮ್ಮ ಬೆನ್ನು ತಿರುಗಿಸಿ ನಿಲ್ಲಲು ಸಾಧ್ಯವಾದದ್ದು ಕೈ ಹಿಡಿಯಲು ಸೋದರಮಾವ, ಬಿಸ್ಕತ್ತು ತೋರಿಸಲು ಅತ್ತೆ, ಮಾತಾಡಿಸಲು ಅಜ್ಜಿ ಇದ್ದದ್ದರಿಂದ. ನಗು ಸ್ವಭಾವದಿಂದಷ್ಟೇ ಬರುವುದಲ್ಲ, ಹೆಗಲು ಬದಲಿಸುವವರಿದ್ದರೆ ಬರುತ್ತದೆ. ದೇವರ ಮೇಲೆ ಭಾರ ಹಾಕು ಎನ್ನುವವರು ಮೊದಲು ಕೂಸನ್ನು ಹತ್ತು ನಿಮಿಷ ಎತ್ತಿಕೊಳ್ಳಲಿ.

ಈ ಸೀಮೆಯಲ್ಲಿ ಸಿದ್ಧಲಿಂಗಯ್ಯ, ಸಿದ್ಧಲಿಂಗಮ್ಮ ಎಂದು ಹೆಸರಿಟ್ಟುಕೊಂಡವರು ಬೀದಿಗೊಬ್ಬರು. ಮಂಡ್ಯದ ಬೂಕನಕೆರೆಯಲ್ಲಿ ಹುಟ್ಟಿ ಮುಖ್ಯಮಂತ್ರಿಯಾದ ಯಡಿಯೂರಪ್ಪನವರ ಹೆಸರೂ ಇಲ್ಲಿಯದೇ. ಹೆಸರಿಡುವಾಗ ಭಕ್ತಿ ಇರುತ್ತದೆ. ಆಮೇಲೆ ಹತ್ತು ವರ್ಷ ಆ ಹೆಸರನ್ನು “ಲೋ ಸಿದ್ಲಿಂಗ, ಇಳಿಯೋ ಮರದಿಂದ” ಎಂದು ಬೀದಿಯಲ್ಲಿ ಕೂಗುತ್ತಾರೆ. ಇದು ಅಪಚಾರವಾಗಿದ್ದರೆ ಭಾಗವತದ ಅಜಾಮಿಳನಿಗೆ ಗತಿ ಇರುತ್ತಿರಲಿಲ್ಲ. ಸಾಯುವ ಹೊತ್ತಿನಲ್ಲಿ ಅವನು ಕರೆದದ್ದು ಕೊನೆಯ ಮಗ ನಾರಾಯಣನನ್ನು. ಓಡಿಬಂದದ್ದು ವಿಷ್ಣುದೂತರು, ನೀನು ಕರೆದದ್ದು ಮಗನನ್ನಲ್ಲವೇ ಎಂದು ಅವರು ತಕರಾರು ತೆಗೆಯಲಿಲ್ಲ.

ಆ ತಕರಾರು ನಾವು ತೆಗೆಯುತ್ತಿದ್ದೇವೆ. ಅದನ್ನು ಬಿಟ್ಟರೆ ಮಾಡಬೇಕಾದ್ದು ದೊಡ್ಡದೇನಲ್ಲ. ದೇವಸ್ಥಾನದವರು ಕೈಗೂಸಿನ ತಾಯಂದಿರಿಗೆ ಬೇರೆ ಸಾಲು ಮಾಡಲಿ, ಹಾಲು ಕುಡಿಸಲು ಒಂದು ಮರೆ ಕೊಡಲಿ. ಸಾಲಿನಲ್ಲಿ ನಿಂತವರು ಲೊಚಗುಟ್ಟುವ ಬದಲು ಚೀಲ ಹಿಡಿದುಕೊಳ್ಳಲಿ. ಮಗು ಗರ್ಭಗುಡಿಯ ಮುಂದೆ “ಚಾಮಿ ಊಟ ಮಾಡ್ತಾ?” ಎಂದು ಗಟ್ಟಿಯಾಗಿ ಕೇಳಿದರೆ ಶ್‌ ಎನ್ನುವ ಮೊದಲು ಯಾರಾದರೊಬ್ಬರು ಉತ್ತರ ಹೇಳಲಿ. ಅಲ್ಲಿದ್ದವರೆಲ್ಲರ ಪೈಕಿ, ದೇವರು ಹಸಿದಿದ್ದಾನೆಯೇ ಎಂದು ವಿಚಾರಿಸಿದ್ದು ಅದೊಂದೇ.