ಎರಡಕ್ಷರದ ಹೆಸರು

ಗಂಡುಕೂಸಿಗೆ ಚಿಕ್ಕದಾಗಿ, ಯಾರೂ ಇಡದ ಹೆಸರು ಬೇಕು ಅಂತ ತಾಳವಾಡಿ ಸೀಮೆಯಲ್ಲೂ ಈಗ ಹುಡುಕಾಟ. ಸಿಗೋದು ಧ್ರುವ್, ಭುವನ್. ಕೇಳೋಕೆ ಚೆಂದ, ಇಲ್ಲ ಅನ್ನಲ್ಲ. ಆದರೆ ನಮ್ಮ ಮಕ್ಕಳ ಹೆಸರು ಸರ್ಕಾರಿ ಕಾಗದದಲ್ಲಿ ಕೂರೋದು ತಮಿಳು ಲಿಪಿಯಲ್ಲಿ. ಅಲ್ಲಿ ಪ, ಬ, ಭ ಮೂರಕ್ಕೂ ಒಂದೇ ಅಕ್ಷರ. ಭುವನ್ ಪುವನ್ ಆದಾನು. ಉದ್ದದ ಹೆಸರಾದರೆ ಒಂದಕ್ಷರ ಕೆಟ್ಟರೂ ಗುರುತು ಸಿಗುತ್ತೆ, ಚಿಕ್ಕದರಲ್ಲಿ ಉಳಿಯೋದೇನು?

ರಂಗ ನೋಡಿ. ಬಿಳಿಗಿರಿ ಬೆಟ್ಟದಿಂದ ಬಂದೋನು, ತಮಿಳಲ್ಲಿ ಬರೆದರೂ ರಂಗನೇ. ಮುತ್ತು ಎರಡೂ ಭಾಷೆಗೆ ಮುತ್ತೇ. ನಮ್ಮ ಗಾಜನೂರಿನ ಮುತ್ತುರಾಜ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆದರು, ಸಿನಿಮಾಕ್ಕೆ ಬೇಕಿತ್ತು, ಸರಿ. ತೊಟ್ಟಿಲ ಕೂಸಿಗೇನು ಬಂತು? ತಾತನ ಹೆಸರು, ಹಳೇದು ಅಂತ ನಾವೇ ಬಿಟ್ಟೆವಲ್ಲ, ಅಪರೂಪ ಅಂದರೆ ಈಗ ಅದೇ.

ಜನನ ದಾಖಲೆಗೆ ಹೆಸರು ಸೇರಿಸೋಕೆ 12 ತಿಂಗಳವರೆಗೆ ಶುಲ್ಕವಿಲ್ಲ. ಅಷ್ಟರಲ್ಲಿ ತಮಿಳಲ್ಲಿ ಬರೆದು, ಗೊತ್ತಿಲ್ಲದೋರ ಕೈಲಿ ಒಂದ್ಸಲ ಓದಿಸಿ ನೋಡಿ.